ಕಡಲ ದಂಡೆಯಲ್ಲಿ ಫ್ಲೈ ಗಾಳ

ಬಾದಾಮಿ ತಾಲ್ಲೂಕಿನ ಕೆರೂರು ಸಮುದ್ರದಿಂದ ಬಹು ದೂರದಲ್ಲಿರುವ ಊರು. ಆದರೂ ಅದಕ್ಕೂ ಅರಬ್ಬೀ ಸಮುದ್ರಕ್ಕೂ ಒಂದು ನೇರವಾದ ಸಂಬಂಧವುಂಟು. ಊರನ್ನು ಹಾದುಹೋಗುವ ಹೆದ್ದಾರಿಯನ್ನು ಹಿಡಿದು ತೆಂಕಣ ದಿಕ್ಕಿಗೆ ಹೊರಟರೆ ನರಗುಂದ, ನವಲಗುಂದ, ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವನ್ನಿಳಿದು, ಅಂಕೋಲೆಯನ್ನು ಮುಟ್ಟುತ್ತೇವೆ. ಅಲ್ಲಿ ಹೆದ್ದಾರಿ ಮುಗಿಯುತ್ತದೆ, ಕಡಲು ಮೊದಲಾಗುತ್ತದೆ.

ವಿಚಿತ್ರವೆಂದರೆ, ಕೆರೂರಿನ ಸುತ್ತ ಬಿದ್ದ ಮಳೆನೀರು ಈ ದಾರಿಯನ್ನು ಹಿಡಿಯುವುದಿಲ್ಲ. ಅದು ಮಲಪ್ರಭೆಯನ್ನೋ ಘಟಪ್ರಭೆಯನ್ನೋ ಸೇರಿ, ಕೃಷ್ಣೆಯ ಪಾಲಾಗಿ, ಮೂಡಣ ದಿಕ್ಕಿನ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮಲಪ್ರಭೆಯು ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಿಂದ ಪಶ್ಚಿಮ ಸಮುದ್ರವು ಹತ್ತಿರದಲ್ಲಿಯೇ ಇದೆ. ಆದರೆ ನೆಲದ ಇಳಿಜಾರು ಆ ನದಿಗೆ ಬೇರೊಂದು ದಾರಿಯನ್ನು ತೋರಿಸಿದೆ. ನೀರು ಎಲ್ಲಿಗೆ ಹೋಗುತ್ತದೆ, ಏಕೆ ಹೋಗುತ್ತದೆ ಎಂಬುದನ್ನು ಮೇಲ್ನೋಟದಿಂದ ಹೇಳಲಾಗದು. ಅದನ್ನು ಓದಿ ತಿಳಿಯಬೇಕು. ನೀರನ್ನು ಹೀಗೆ ಓದಲು ಕಲಿಸುವ ಒಂದು ವಿನೋದವೇ ಈ ಲೇಖನದ ವಿಷಯ. ಕಡಲ ದಂಡೆಯಲ್ಲಿ ನಿಂತು ಫ್ಲೈ ಗಾಳದಿಂದ ಮೀನು ಹಿಡಿಯುವುದೇ ಆ ವಿನೋದ.

ನೊಣವಲ್ಲದ ನೊಣ

ಫ್ಲೈ ಎಂದರೆ ನೊಣ. ಗಾಳದ ಕೊಕ್ಕೆಗೆ ಉಣ್ಣೆ, ರೋಮ, ಹಕ್ಕಿಯ ಗರಿಗಳನ್ನು ಸುತ್ತಿ ಹುಳದ ರೂಪವನ್ನು ಕೊಡುವ ಕಲೆ ಬಲು ಹಳೆಯದು. ಕ್ರಿಸ್ತಶಕ 200ರ ಸುಮಾರಿನಲ್ಲಿ ಈಲಿಯನ್ ಎಂಬ ಲೇಖಕನು, ಮ್ಯಾಸಿಡೋನಿಯದ ಜನರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗರಿಗಳನ್ನು ಸಿಕ್ಕಿಸಿ, ಹೊಳೆಯ ಮೀನುಗಳನ್ನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮುಂದೆ ಈ ಕಲೆಯು ಇಂಗ್ಲೆಂಡಿನ ಸಿಹಿನೀರಿನ ಹೊಳೆಗಳಲ್ಲಿ ಬೆಳೆಯಿತು. ನಮ್ಮ ನಾಡಿಗೂ ಇದರ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ಬರೆದ, ಭಾರತದ ಗಾಳಗಾರಿಕೆಯನ್ನು ಕುರಿತ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪ್ರಸಿದ್ಧ ಗ್ರಂಥವು 1873ರಲ್ಲಿ ಅಚ್ಚಾದುದು ಮಂಗಳೂರಿನಲ್ಲಿ.

ಉಪ್ಪುನೀರಿನಲ್ಲಿ ಫ್ಲೈ ಗಾಳವು ವ್ಯಾಪಕವಾದುದು ಎರಡನೆಯ ಮಹಾಯುದ್ಧದ ನಂತರ. ಅಮೆರಿಕದ ಲೆಫ್ಟಿ ಕ್ರೇ ಎಂಬ ಗಾಳಗಾರರು 1950ರ ದಶಕದಲ್ಲಿ ರೂಪಿಸಿದ ‘ಡಿಸೀವರ್’ ಎಂಬ ಫ್ಲೈ ಇಂದಿಗೂ ಲೋಕದ ಎಲ್ಲ ಕಡಲತೀರಗಳಲ್ಲಿ ಬಳಕೆಯಲ್ಲಿದೆ. ಇದು ನೊಣದಂತಿಲ್ಲ. ಉದ್ದನೆಯ ಬಿಳಿಯ ಗರಿಗಳಿಂದ ಕಟ್ಟಿದ ಇದು ಒಂದು ಪುಟ್ಟ ಮೀನಿನ ಪ್ರತಿರೂಪ. ಸಮುದ್ರದ ಮೀನು ನೊಣವನ್ನು ತಿಂದು ಬದುಕುವುದಿಲ್ಲವಷ್ಟೆ. ಅದರ ಆಹಾರ ಮರಿಮೀನು, ಸೀಗಡಿ, ಏಡಿ, ಮರಳಿನ ಹುಳು. ಆದುದರಿಂದ ಕಡಲಿನ ಫ್ಲೈಯನ್ನು ಕಟ್ಟುವವನು ಮೊದಲು ಆ ತೀರದಲ್ಲಿ ಯಾವ ಮೀನು ಯಾವುದನ್ನು ತಿನ್ನುತ್ತದೆ ಎಂಬುದನ್ನು ತಿಳಿದಿರಬೇಕು. ನಮ್ಮ ಕರಾವಳಿಯಲ್ಲಿ ಮೆಚ್ಚಿನ ಮೀನಾದ ಕಾಣೆಯು ಮರಳಿನ ತಳದಲ್ಲಿ ಹುಳುಗಳನ್ನೂ ಸಣ್ಣ ಸೀಗಡಿಗಳನ್ನೂ ಹುಡುಕುತ್ತದೆ. ಹೆದರಿದರೆ ಮರಳಿನಲ್ಲಿಯೇ ಹೂತುಕೊಳ್ಳುತ್ತದೆ. ಕಾರವಾರದ ಕಡೆ ಚೊಣಕ ಎಂದು ಹೆಸರುಳ್ಳ ಸೀಬಾಸ್ ಮೀನು ಅಳಿವೆಯ ಬಂಡೆಗಳ ಮರೆಯಲ್ಲಿಯೂ ಕಾಂಡ್ಲಾ ಗಿಡಗಳ ಬೇರುಗಳ ನಡುವೆಯೂ ಹೊಂಚುಹಾಕಿ ಮರಿಮೀನುಗಳನ್ನು ನುಂಗುತ್ತದೆ. ಒಂದಕ್ಕೆ ಹಿಡಿಸಿದ ಫ್ಲೈ ಇನ್ನೊಂದಕ್ಕೆ ಹಿಡಿಸದು.

ದಾರವೇ ತೂಕ

ಸಾಮಾನ್ಯ ಗಾಳವನ್ನು ಎಸೆಯುವ ಕ್ರಮವನ್ನು ವಾಚಕರು ಕಂಡಿರಬಹುದು. ದಾರದ ತುದಿಯಲ್ಲಿ ಸೀಸದ ಗುಂಡು ಇರುತ್ತದೆ. ಎಸೆದಾಗ ಗುಂಡು ಮುಂದೆ ಹಾರಿ ತೆಳುವಾದ ದಾರವನ್ನು ತನ್ನ ಹಿಂದೆ ಎಳೆದೊಯ್ಯುತ್ತದೆ. ಫ್ಲೈಯಾದರೋ ಗರಿಯಷ್ಟೇ ಹಗುರ. ಅದನ್ನು ಎಷ್ಟು ಬಲವಾಗಿ ಎಸೆದರೂ ಗಾಳಿಯ ತಡೆಯಿಂದ ನಾಲ್ಕು ಮಾರು ಹೋಗದು. ಈ ತೊಡಕನ್ನು ಪರಿಹರಿಸಲು ಗಾಳಗಾರರು ತೂಕವನ್ನು ದಾರಕ್ಕೇ ವರ್ಗಾಯಿಸಿದರು. ಫ್ಲೈ ಗಾಳದ ದಾರವು ದಪ್ಪವಾಗಿರುತ್ತದೆ, ತುದಿಯ ಕಡೆ ಕ್ರಮವಾಗಿ ಸಣ್ಣಗಾಗುತ್ತದೆ. ಅದರ ತುದಿಗೆ ಸುಮಾರು 3 ಮೀಟರ್ ಉದ್ದದ ತೆಳುವಾದ ಪಾರದರ್ಶಕ ಎಳೆ. ಎಳೆಯ ತುದಿಯಲ್ಲಿ ಫ್ಲೈ. ಈ ದಾರಗಳಿಗೆ ತೂಕಕ್ಕನುಗುಣವಾಗಿ ಅಂಕೆಗಳಿವೆ. ಅಮೆರಿಕದ ತಯಾರಕರು 1961ರಲ್ಲಿ ಒಪ್ಪಿಕೊಂಡ ಈ ಕ್ರಮದಂತೆ 8ನೆಯ ಅಂಕೆಯ ದಾರದ ಮೊದಲ 30 ಅಡಿಗಳ ತೂಕ ಸುಮಾರು 13.6 ಗ್ರಾಂ. ಕಡಲ ದಂಡೆಗೆ ಸಾಮಾನ್ಯವಾಗಿ 8, 9 ಅಥವಾ 10ನೆಯ ಅಂಕೆಯ ದಾರವನ್ನೂ ಅದಕ್ಕೆ ಹೊಂದುವ ಸುಮಾರು 9 ಅಡಿ ಉದ್ದದ ಕೋಲನ್ನೂ ಬಳಸುತ್ತಾರೆ.

ಈ ದಾರವು ಹೇಗೆ ಹಾರುತ್ತದೆ? ಎತ್ತಿನ ಗಾಡಿಯವನ ಬಾರುಕೋಲನ್ನು ನೆನೆಯೋಣ. ಆತನು ಕೈಯನ್ನು ಬೀಸಿ ಥಟ್ಟನೆ ನಿಲ್ಲಿಸುತ್ತಾನೆ. ಬಾರಿನಲ್ಲಿ ಒಂದು ಮಡಿಕೆ ಹುಟ್ಟಿ ತುದಿಯ ಕಡೆಗೆ ಓಡುತ್ತದೆ. ಮಡಿಕೆ ಮುಂದೆ ಸಾಗಿದಂತೆ ಚಲಿಸುತ್ತಿರುವ ಭಾಗವು ಕಿರಿದಾಗುತ್ತ ಹೋಗುತ್ತದೆ. ಅದೇ ಶಕ್ತಿಯನ್ನು ಕಡಮೆ ದ್ರವ್ಯರಾಶಿಯು ಹೊರಬೇಕಾದುದರಿಂದ ಅದರ ವೇಗವು ಹೆಚ್ಚುತ್ತದೆ. ಕೊನೆಯಲ್ಲಿ ಬಾರಿನ ತುದಿಯು ಶಬ್ದದ ವೇಗವನ್ನೂ, ಎಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನೂ, ಮೀರುವುದರಿಂದಲೇ ‘ಛಟೀರ್’ ಎಂಬ ಸದ್ದು ಏಳುವುದು. ಫ್ಲೈ ಗಾಳದ ದಾರದಲ್ಲಿಯೂ ಇಂತಹುದೇ ಮಡಿಕೆಯು ಓಡುತ್ತದೆ. ಆದರೆ ಇಲ್ಲಿ ಸದ್ದು ಬೇಕಿಲ್ಲ. ದಾರದ ಮೇಲೂ ತುದಿಯ ಫ್ಲೈಯ ಮೇಲೂ ಬೀಳುವ ಗಾಳಿಯ ತಡೆಯು ವೇಗವನ್ನು ನುಂಗಿಬಿಡುತ್ತದೆ. ಮಡಿಕೆ ಪೂರ್ತಿಯಾಗಿ ಬಿಚ್ಚಿಕೊಂಡಾಗ ಫ್ಲೈ ಎಲೆಯಂತೆ ನೀರಿನ ಮೇಲೆ ಇಳಿಯುತ್ತದೆ.

ಹೊಸದಾಗಿ ಕಲಿಯುವವರು ತೋಳಿನ ಬಲವನ್ನೆಲ್ಲ ಹಾಕಿ ಬೀಸುತ್ತಾರೆ. ದಾರವು ಕಾಲಬಳಿಯಲ್ಲಿ ಗುಡ್ಡೆಯಾಗಿ ಬೀಳುತ್ತದೆ. ಹಿಂದಕ್ಕೆ ಬೀಸಿದ ದಾರವು ಬೆನ್ನ ಹಿಂದೆ ನೆಟ್ಟಗಾಗುವವರೆಗೆ ಕ್ಷಣಕಾಲ ಕಾಯಬೇಕು. ದಾರವು ನೆಟ್ಟಗಾದಾಗ ಮಾತ್ರ ಅದರ ತೂಕವು ಕೋಲನ್ನು ಬಿಲ್ಲಿನಂತೆ ಬಗ್ಗಿಸಬಲ್ಲುದು. ಬಗ್ಗಿದ ಕೋಲಿನ ಶಕ್ತಿಯೇ ದಾರವನ್ನು ಮುಂದಕ್ಕೆ ಕಳುಹಿಸುವುದು. ಈ ವಿದ್ಯೆಯಲ್ಲಿ ಬಲಕ್ಕಿಂತ ಕಾಲಜ್ಞಾನವೇ ಮುಖ್ಯ ಎಂಬುದು ಮೊದಲನೆಯ ಪಾಠ.

ಗಾಳಿಯ ವಿಷಯದಲ್ಲಿಯೂ ಕಾಲಜ್ಞಾನ ಬೇಕು. ಹಗಲು ಮರಳು ಬೇಗ ಕಾಯುತ್ತದೆ. ಸಮುದ್ರ ನಿಧಾನವಾಗಿ ಕಾಯುತ್ತದೆ. ಒಂದೇ ತೂಕದ ಒಣ ಮರಳಿಗಿಂತ ನೀರನ್ನು ಅಷ್ಟೇ ಬಿಸಿಮಾಡಲು ಸುಮಾರು ಐದು ಪಟ್ಟು ಉಷ್ಣ ಬೇಕು. ಕಾದ ನೆಲದ ಮೇಲಣ ಗಾಳಿ ಮೇಲೇರಲು, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ ಗಾಳಿ ಬೀಸುತ್ತದೆ. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ನೆಲವೇ ಹೆಚ್ಚು ತಣ್ಣಗಾಗಿ, ಗಾಳಿಯು ನೆಲದಿಂದ ಕಡಲಿಗೆ ತಿರುಗುತ್ತದೆ. ಮುಂಜಾನೆ ಗಾಳಗಾರನ ಬೆನ್ನಿಗೆ ಗಾಳಿಯ ನೆರವಿರುತ್ತದೆ. ಮಧ್ಯಾಹ್ನ ಅದೇ ಗಾಳಿ ಫ್ಲೈಯನ್ನು ಅವನ ಮುಖಕ್ಕೇ ಎಸೆಯುತ್ತದೆ. ಕಣ್ಣಿಗೆ ಕನ್ನಡಕವಿಲ್ಲದೆ ಯಾರೂ ಫ್ಲೈ ಗಾಳವನ್ನು ಬೀಸಬಾರದು.

ನೀರನ್ನು ಓದುವುದು

ಸೀಸದ ಗುಂಡಿನ ಗಾಳವನ್ನು ನುರಿತವನು ನೂರು ಮೀಟರಿನ ಆಚೆಗೂ ಎಸೆಯಬಲ್ಲನು. ಫ್ಲೈ ಗಾಳದ ವ್ಯಾಪ್ತಿಯಾದರೋ ಸಾಧಾರಣವಾಗಿ 20ರಿಂದ 25 ಮೀಟರ್. ಇದು ಕೊರತೆಯೆಂದು ತೋರಬಹುದು. ಆದರೆ ಈ ವಿನೋದದ ಸಾರವೆಲ್ಲ ಈ ಕೊರತೆಯಲ್ಲಿಯೇ ಅಡಗಿದೆ. ಮೀನು ಇರುವಲ್ಲಿಗೆ ನಾವು ತಲಪಲಾರೆವು. ಆದುದರಿಂದ ಮೀನು ನಮ್ಮ ಬಳಿಗೆ ಎಂದು, ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ಮುಂಚಿತವಾಗಿ ಬಲ್ಲವರಾಗಬೇಕು.

‘ಎಂದು’ ಎಂಬುದಕ್ಕೆ ಉತ್ತರವನ್ನು ಚಂದ್ರನು ಕೊಡುತ್ತಾನೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಚಂದ್ರನು ಭೂಮಿಯನ್ನು ಸುತ್ತುತ್ತಿರುವುದರಿಂದ ಇಂದಿನ ಉಬ್ಬರವು ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಗಳ ಸುಮಾರಿನಲ್ಲಿ ಸೂರ್ಯಚಂದ್ರರ ಸೆಳೆತಗಳು ಕೂಡಿಕೊಂಡು ಉಬ್ಬರವಿಳಿತ ದೊಡ್ಡದಾಗುತ್ತದೆ. ಅಷ್ಟಮಿಯ ಸುಮಾರಿನಲ್ಲಿ ಚಿಕ್ಕದಾಗುತ್ತದೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು 10 ಮೀಟರಿಗೂ ಹೆಚ್ಚು ಏರಿಳಿಯುವುದುಂಟು. ಕಾರವಾರದಲ್ಲಿ ದೊಡ್ಡ ಉಬ್ಬರಗಳಲ್ಲಿಯೂ ಅದು 2 ಮೀಟರಿನ ಆಸುಪಾಸು. ಈ ಏರಿಕೆ ಆರು ಗಂಟೆಗಳಲ್ಲಿ ಸಮನಾಗಿ ಹಂಚಿಹೋಗುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರನೆಯ ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಡುವಿನ ಎರಡು ಗಂಟೆಗಳಲ್ಲಿ ಅರ್ಧದಷ್ಟು ನೀರು ಚಲಿಸುತ್ತದೆ. ಆ ಹರಿವಿನಲ್ಲಿ ಸೀಗಡಿ, ಮರಿಮೀನುಗಳು ಕೊಚ್ಚಿಕೊಂಡು ಬರುತ್ತವೆ. ಬೇಟೆಮೀನು ಅವನ್ನು ಕಾದು ನಿಲ್ಲುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳಲ್ಲಿ ಈ ಹೊತ್ತನ್ನು ಬಲ್ಲವನಿಗೆ ಬರಿಗೈಯಲ್ಲಿ ಮರಳುವ ಸಂದರ್ಭಗಳು ಕಡಮೆ.

‘ಯಾವ ದಾರಿ’ ಎಂಬುದನ್ನು ಅಲೆಗಳು ಹೇಳುತ್ತವೆ. ನೀರಿನ ಆಳವು ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಇಳಿದಾಗ ಅಲೆಯು ಒಡೆಯುತ್ತದೆ. ಆದುದರಿಂದ ದಡದಿಂದ ದೂರದಲ್ಲಿ ನೊರೆಯ ಬಿಳಿಯ ಗೆರೆ ಕಂಡರೆ ಅದರ ಕೆಳಗೆ ಮರಳಿನ ದಿಬ್ಬವಿದೆಯೆಂದು ತಿಳಿಯಬೇಕು. ದಿಬ್ಬಕ್ಕೂ ದಡಕ್ಕೂ ನಡುವಣ ಆಳವಾದ ಕಾಲುವೆಯಲ್ಲಿ ಮೀನುಗಳು ಓಡಾಡುತ್ತವೆ. ಬಿಳಿಯ ಗೆರೆಯು ಒಂದೆಡೆ ಕಡಿದುಹೋಗಿ, ಅಲ್ಲಿ ನೀರು ಕಪ್ಪಾಗಿ, ಅಲೆಗಳಿಲ್ಲದೆ ಶಾಂತವಾಗಿ ಕಾಣಿಸಿದರೆ, ಅಲ್ಲಿ ದಿಬ್ಬವು ಕೊರೆದುಹೋಗಿದೆ ಎಂದರ್ಥ. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಆ ಬಾಗಿಲಿನಿಂದ ಕಡಲಿಗೆ ಹಿಂದಿರುಗುತ್ತದೆ. ಗಾಳಗಾರನಿಗೆ ಇದು ಅತ್ಯುತ್ತಮವಾದ ಸ್ಥಳ. ಏಕೆಂದರೆ ಮೀನಿನ ಆಹಾರವೂ ಅದೇ ಬಾಗಿಲಿನಿಂದ ಹೊರಹೋಗುತ್ತದೆ.

ಆದರೆ ಈಜುಗಾರನಿಗೆ ಇದೇ ಅತ್ಯಂತ ಅಪಾಯಕರವಾದ ಸ್ಥಳ. ಈ ಹಿಂಸೆಳೆತವು ಪ್ರಬಲವಾದಾಗ ಸೆಕೆಂಡಿಗೆ 2 ಮೀಟರ್ ವೇಗವನ್ನು ಮುಟ್ಟಬಹುದು. ಒಲಿಂಪಿಕ್ ಈಜುಗಾರರ ವೇಗವೂ ಸುಮಾರಾಗಿ ಅಷ್ಟೇ. ಅದಕ್ಕೆ ಎದುರಾಗಿ ದಡದ ಕಡೆ ಈಜುವವನು ದಣಿದು ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿದರೆ ಆ ಕಿರಿದಾದ ಸೆಳೆತದಿಂದ ಹೊರಬರಬಹುದು. ಈಜು ಬಾರದವನು ಮೊಣಕಾಲಿಗಿಂತ ಹೆಚ್ಚಿನ ನೀರಿಗೆ ಇಳಿಯಲೇಬಾರದು. ಕಡಲನ್ನು ಕಾಣದೆ ಬೆಳೆದ ಒಳನಾಡಿನ ವಿದ್ಯಾರ್ಥಿಯ ಕಣ್ಣಿಗೆ ಅಬ್ಬರಿಸುವ ಬಿಳಿಯ ಅಲೆ ಭಯಂಕರವಾಗಿಯೂ, ಶಾಂತವಾದ ಕಪ್ಪು ನೀರು ಕ್ಷೇಮಕರವಾಗಿಯೂ ತೋರುತ್ತದೆ. ವಾಸ್ತವವು ಇದಕ್ಕೆ ತಿರುಗುಮುರುಗು. 2024ರ ಡಿಸೆಂಬರಿನಲ್ಲಿ ಪ್ರವಾಸಕ್ಕೆಂದು ಒಳನಾಡಿನಿಂದ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುರ್ಡೇಶ್ವರದ ಕಡಲಲ್ಲಿ ಪ್ರಾಣ ಕಳೆದುಕೊಂಡರು. ಗಾಳವನ್ನು ಎಂದೂ ಹಿಡಿಯದವರಿಗೂ ಗಾಳಗಾರನ ಈ ಒಂದು ಪಾಠವು ಅಗತ್ಯವೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ. ನೀರಿಗೆ ಇಳಿಯುವ ಮೊದಲು ಹತ್ತು ನಿಮಿಷ ಎತ್ತರದ ಸ್ಥಳದಲ್ಲಿ ನಿಂತು, ಅಲೆಗಳು ಎಲ್ಲಿ ಒಡೆಯುತ್ತವೆ, ಎಲ್ಲಿ ಒಡೆಯುವುದಿಲ್ಲ ಎಂಬುದನ್ನು ನೋಡಬೇಕು.

ಇಳಿತದ ಹೊತ್ತಿನಲ್ಲಿ ಬಯಲಾಗುವ ಮರಳಿನ ಮೇಲೂ ಬರಹವುಂಟು. ಒಂದೇ ದಿಕ್ಕಿಗೆ ಹರಿದ ನೀರು ಮರಳಿನಲ್ಲಿ ಮೂಡಿಸಿದ ಕಿರಿಯ ಅಲೆಗೆರೆಗಳ ಒಂದು ಬದಿ ಕಡಿದಾಗಿಯೂ ಇನ್ನೊಂದು ಬದಿ ಓರೆಯಾಗಿಯೂ ಇರುತ್ತವೆ. ಕಡಿದಾದ ಬದಿಯು ನೀರು ಹರಿದುಹೋದ ದಿಕ್ಕನ್ನು ತೋರುತ್ತದೆ. ಅಲೆಗಳು ಹಿಂದಕ್ಕೂ ಮುಂದಕ್ಕೂ ತೂಗಿ ಮೂಡಿಸಿದ ಗೆರೆಗಳಾದರೆ ಎರಡು ಬದಿಗಳೂ ಸಮ. ಈ ಲಿಪಿಯನ್ನು ಕಲಿಯಲು ಕೆರೂರಿನವರು ಕಡಲಿಗೇ ಹೋಗಬೇಕೆಂದಿಲ್ಲ. ಬಾದಾಮಿಯ ಶಿಲಾಸಮೂಹದ ಒಂದು ವಿಭಾಗಕ್ಕೆ ಭೂವಿಜ್ಞಾನಿಗಳು ‘ಕೆರೂರ್ ಫಾರ್ಮೇಶನ್’ ಎಂದೇ ಹೆಸರಿಟ್ಟಿದ್ದಾರೆ. ಬಾದಾಮಿಯ ಗುಹಾದೇವಾಲಯಗಳನ್ನು ಕೊರೆದಿರುವ ಕೆಂಪು ಮರಳುಗಲ್ಲು ಅದಕ್ಕೆ ಸೇರಿದುದು. 50 ಕೋಟಿ ವರ್ಷಗಳಿಗೂ ಹಿಂದೆ ಹರಿಯುವ ನೀರು ಹರಡಿದ ಮರಳು ಇಂದು ಕಲ್ಲಾಗಿ ನಿಂತಿದೆ. ಅದರ ಓರೆಯಾದ ಪದರಗಳನ್ನೂ ಅಲೆಗೆರೆಗಳನ್ನೂ ಪರೀಕ್ಷಿಸಿದವನು ಅಂದಿನ ನೀರು ಯಾವ ಕಡೆ ಹರಿಯಿತೆಂಬುದನ್ನು ಇಂದು ಹೇಳಬಲ್ಲನು.

ಮೀನಿನ ಕಿಟಕಿ

ದಡದಲ್ಲಿ ನಿಂತವನನ್ನು ಮೀನು ನೋಡಬಲ್ಲುದೆ? ಗಾಳಿಯಿಂದ ನೀರಿಗೆ ಇಳಿಯುವ ಬೆಳಕು ಬಾಗುತ್ತದೆ. ಇದರ ಪರಿಣಾಮವಾಗಿ ಹೊರಗಣ ಪ್ರಪಂಚವೆಲ್ಲ ಮೀನಿಗೆ ತನ್ನ ತಲೆಯ ಮೇಲೆ 97 ಡಿಗ್ರಿಗಳ ಒಂದು ದುಂಡನೆಯ ಕಿಟಕಿಯಲ್ಲಿ ಕುಗ್ಗಿ ಕಾಣುತ್ತದೆ. 1 ಮೀಟರ್ ಆಳದಲ್ಲಿರುವ ಮೀನಿಗೆ ಈ ಕಿಟಕಿಯ ಅಗಲ ಸುಮಾರು 2.3 ಮೀಟರ್, ಅದರಾಚೆಗೆ ನೀರಿನ ಮೇಲ್ಮೈ ಕನ್ನಡಿಯಂತೆ ತಳವನ್ನೇ ಪ್ರತಿಬಿಂಬಿಸುತ್ತದೆ. ಕಿಟಕಿಯ ಅಂಚಿನಲ್ಲಿ ಬಿಂಬಗಳು ಚಪ್ಪಟೆಯಾಗಿ ಮಸುಕಾಗುತ್ತವೆ. ಆದುದರಿಂದ ತಗ್ಗಿ, ಹಿಂದೆ ಸರಿದು ನಿಂತವನು ಮೀನಿನ ಕಣ್ಣಿಗೆ ಬೀಳುವುದು ಕಷ್ಟ. ಫ್ಲೈಯನ್ನು ಹಿಡಿದಿರುವ ಎಳೆಯ ವಿಷಯವೂ ಹೀಗೆಯೇ. ನೀರಿನ ವಕ್ರೀಭವನಾಂಕ 1.33, ನೈಲಾನಿನದು ಸುಮಾರು 1.53, ಫ್ಲೋರೊಕಾರ್ಬನಿನದು ಸುಮಾರು 1.42. ನೀರಿಗೆ ಹತ್ತಿರವಾದಷ್ಟೂ ಎಳೆಯು ಅದೃಶ್ಯವಾಗುತ್ತದೆ.

ಕಣ್ಣನ್ನು ವಂಚಿಸಿದ ಮಾತ್ರಕ್ಕೆ ಆಗಲಿಲ್ಲ. ಮೀನಿನ ಪಕ್ಕೆಯುದ್ದಕ್ಕೂ ಇರುವ ಸೂಕ್ಷ್ಮ ಇಂದ್ರಿಯರೇಖೆಯು ನೀರಿನ ಅಲ್ಪ ಕದಲಿಕೆಯನ್ನೂ ಗ್ರಹಿಸುತ್ತದೆ. ನೀರಿನಲ್ಲಿ ದಡಬಡನೆ ನಡೆದವನ ಸುದ್ದಿ ಅವನಿಗಿಂತ ಮೊದಲೇ ಮೀನಿಗೆ ಮುಟ್ಟುತ್ತದೆ.

ಹಿಡಿದುದನ್ನು ಬಿಡುವುದು

ಈ ಕರಾವಳಿಯಲ್ಲಿ ದಂಡೆಯಿಂದ ಕಡಲನ್ನು ಓದುವ ವಿದ್ಯೆ ಹೊಸತಲ್ಲ. ಒಂದು ಕಿಲೋಮೀಟರಿಗೂ ಉದ್ದವಾದ ರಂಪಣಿ ಬಲೆಯ ಕಾಲದಲ್ಲಿ ದಂಡೆಯ ಮೇಲಿನ ಅನುಭವಿಗಳು ನೀರಿನ ಬಣ್ಣವನ್ನೂ ಹಕ್ಕಿಗಳ ಎರಗುವಿಕೆಯನ್ನೂ ಕಂಡು ಬಂಗಡೆಯ ಹಿಂಡು ಎಲ್ಲಿದೆಯೆಂದು ಹೇಳುತ್ತಿದ್ದರು. ದೋಣಿಯು ಹಿಂಡನ್ನು ಸುತ್ತುವರಿದು ಬಲೆಯನ್ನು ಬಿಟ್ಟು ಬರಲು, ಊರಿನ ಹತ್ತಾರು ಜನ ಕೂಡಿ ಅದನ್ನು ದಡಕ್ಕೆ ಎಳೆಯುತ್ತಿದ್ದರು. 1970ರ ದಶಕದ ಮಧ್ಯಭಾಗದಿಂದ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಹಿಂಡುಗಳನ್ನು ದಡ ಸೇರುವ ಮೊದಲೇ ಹಿಡಿಯತೊಡಗಿದವು. ರಂಪಣಿಯು ಹಿನ್ನೆಲೆಗೆ ಸರಿಯಿತು. ಕಾಯುವವನ ಬಳಿಗೆ ಮೀನು ಬರಬೇಕಾದರೆ ಕಡಲಿನಲ್ಲಿ ಮೀನು ಉಳಿದಿರಬೇಕು ಎಂಬ ಸಾಮಾನ್ಯ ಸತ್ಯವನ್ನು ದಂಡೆಯವರೇ ಮೊದಲು ಅನುಭವಿಸಿದರು.

ಫ್ಲೈ ಗಾಳಗಾರರಲ್ಲಿ ಅನೇಕರು ಹಿಡಿದ ಮೀನನ್ನು ಮರಳಿ ಬಿಡುವುದು ಈ ಕಾರಣದಿಂದ. ಊಟಕ್ಕೆ ಒಂದನ್ನು ಇಟ್ಟುಕೊಳ್ಳುವುದರಲ್ಲಿ ದೋಷವೇನೂ ಇಲ್ಲ. ಆದರೆ ಯಾವುದನ್ನು ಇಟ್ಟುಕೊಳ್ಳಬೇಕೆಂಬುದರಲ್ಲಿ ವಿವೇಕ ಬೇಕು. ಚೊಣಕದ ಉದಾಹರಣೆಯನ್ನೇ ನೋಡೋಣ. ಈ ಮೀನು ಮೊದಲು ಗಂಡಾಗಿ ಪ್ರಾಯಕ್ಕೆ ಬರುತ್ತದೆ. ಕೆಲವು ವರ್ಷಗಳ ನಂತರ, ಬೆಳೆದು ದೊಡ್ಡದಾದ ಮೇಲೆ, ಹೆಣ್ಣಾಗಿ ಮಾರ್ಪಡುತ್ತದೆ. ಹೀಗಾಗಿ ಅತಿ ದೊಡ್ಡ ಮೀನುಗಳು ಬಹುಮಟ್ಟಿಗೆ ಎಲ್ಲವೂ ಹೆಣ್ಣು; ಒಂದೊಂದೂ ಲಕ್ಷಾಂತರ ಮೊಟ್ಟೆಗಳನ್ನು ಇಡಬಲ್ಲುದು. ಅಳಿವೆಯಲ್ಲಿ ದೊಡ್ಡ ಮೀನುಗಳನ್ನೆಲ್ಲ ಹಿಡಿದು ಮುಗಿಸಿದರೆ ಉಳಿಯುವುದು ಗಂಡುಗಳು ಮಾತ್ರ. ಛಾಯಾಚಿತ್ರಕ್ಕೆ ಎಲ್ಲರೂ ಹಂಬಲಿಸುವ ಮೀನೇ ಆ ನೀರಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು.

ಬಿಡುವುದಕ್ಕೂ ಕ್ರಮವುಂಟು. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಮೀನಿನ ರಕ್ತದ ಲವಣಾಂಶವು ಅದರ ಮೂರನೆಯ ಒಂದರಷ್ಟು. ಈ ವ್ಯತ್ಯಾಸದಿಂದ ಮೀನಿನ ಮೈಯ ನೀರು ಸದಾ ಹೊರಕ್ಕೆ ಸೆಳೆಯಲ್ಪಡುತ್ತದೆ. ಚರ್ಮ, ಹುರುಪೆ ಮತ್ತು ಅದರ ಮೇಲಣ ಲೋಳೆ ಆ ಸೆಳೆತಕ್ಕೂ ರೋಗಾಣುಗಳಿಗೂ ತಡೆಯಾಗಿವೆ. ಒಣಗೈಯಿಂದ ಹಿಡಿದರೆ, ಬಿಸಿ ಮರಳಿನ ಮೇಲೆ ಹೊರಳಿಸಿದರೆ, ಆ ಲೋಳೆ ಕಿತ್ತುಹೋಗುತ್ತದೆ. ನೀರಿನಿಂದ ಮೇಲೆತ್ತಿದಾಗ ಕಿವಿರಿನ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಉಸಿರಾಟ ನಿಲ್ಲುತ್ತದೆ. ಆದುದರಿಂದ ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ಕೈಯನ್ನು ಒದ್ದೆ ಮಾಡಿಕೊಳ್ಳಬೇಕು. ಸಾಧ್ಯವಾದಷ್ಟು ಮೀನನ್ನು ನೀರಿನಲ್ಲಿಯೇ ಇರಿಸಿ ಕೊಕ್ಕೆಯನ್ನು ಬಿಡಿಸಬೇಕು. ಜೂನ್, ಜುಲೈ ತಿಂಗಳುಗಳಲ್ಲಿ ಮೀನುಗಳ ಸಂತಾನವೃದ್ಧಿಗಾಗಿ ನಮ್ಮ ಕರಾವಳಿಯಲ್ಲಿ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದ ಕಡಲು ಹುಚ್ಚೆದ್ದಿರುವ ಆ ದಿನಗಳಲ್ಲಿ ಗಾಳಗಾರನೂ ಮನೆಯಲ್ಲಿಯೇ ಇರುವುದು ಎಲ್ಲರಿಗೂ ಕ್ಷೇಮ.

ಮೈದಾನದಲ್ಲಿ ಅಭ್ಯಾಸ

ಕಡಲು ದೂರವಿದ್ದರೂ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಫ್ಲೈ ಎಸೆಯುವುದನ್ನು ಲೋಕದೆಲ್ಲೆಡೆ ಹುಲ್ಲಿನ ಬಯಲಿನಲ್ಲಿಯೇ ಕಲಿಯುತ್ತಾರೆ. ಶಾಲೆಯ ಮೈದಾನ, ಎರವಲು ತಂದ ಒಂದು ಕೋಲು, ಕೊಕ್ಕೆಯ ಬದಲು ದಾರದ ತುದಿಗೆ ಕಟ್ಟಿದ ಒಂದು ಚೂರು ಕೆಂಪು ಉಣ್ಣೆ ಇಷ್ಟಿದ್ದರೆ ಸಾಕು. ಹತ್ತು ಮೀಟರ್ ದೂರದಲ್ಲಿ ಒಂದು ತಟ್ಟೆಯನ್ನಿಟ್ಟು, ಉಣ್ಣೆಯು ಅದರಲ್ಲಿ ಮೆಲ್ಲಗೆ ಇಳಿಯುವವರೆಗೆ ಅಭ್ಯಾಸ ಮಾಡಬೇಕು. ಜೊತೆಗೆ ಒಂದು ಟಿಪ್ಪಣಿ ಪುಸ್ತಕವಿರಲಿ. ಅದರಲ್ಲಿ ತಿಥಿ, ಗಾಳಿಯ ದಿಕ್ಕು, ಚಂದ್ರೋದಯದ ಹೊತ್ತುಗಳನ್ನು ಒಂದು ತಿಂಗಳು ಬರೆದಿಟ್ಟವನಿಗೆ ಚಂದ್ರನು ದಿನದಿನಕ್ಕೆ ಎಷ್ಟು ತಡವಾಗುತ್ತಾನೆಂಬುದು ತಾನಾಗಿಯೇ ಹೊಳೆಯುತ್ತದೆ. ಅಂಕೋಲೆಯ ಉಬ್ಬರದ ರಹಸ್ಯವನ್ನು ಅವನು ಕೆರೂರಿನ ಮಾಳಿಗೆಯ ಮೇಲಿನಿಂದಲೇ ಅರ್ಧ ತಿಳಿದಂತಾಯಿತು. ಹೆಚ್ಚು ತಿಳಿಯಬೇಕೆನ್ನುವವರಿಗೆ ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ.

ಮುಂದಿನ ಶಾಲಾಪ್ರವಾಸವು ಕಡಲತೀರಕ್ಕೆ ಹೊರಟಾಗ, ಕೈಯಲ್ಲಿ ಗಾಳವಿಲ್ಲದಿದ್ದರೂ ಚಿಂತೆಯಿಲ್ಲ. ಬಸ್ಸಿನಿಂದ ಇಳಿದೊಡನೆ ನೀರಿಗೆ ಓಡದೆ, ನೊರೆಯ ಗೆರೆಯು ಎಲ್ಲಿ ಕಡಿದಿದೆಯೆಂಬುದನ್ನು ಗುರುತಿಸಿ, ಅದನ್ನು ಜೊತೆಗಾರರಿಗೆ ಬೆರಳಿಟ್ಟು ತೋರಿಸಬಲ್ಲ ವಿದ್ಯಾರ್ಥಿಗಳು ಪ್ರತಿ ತಂಡದಲ್ಲಿಯೂ ಒಬ್ಬಿಬ್ಬರಾದರೂ ಇರಲಿ ಎಂಬುದು ನಮ್ಮ ಆಶಯ.